ಪಿನ್ ಕೋಡ್ ಕೂಡಿ ಭವಿಷ್ಯ ಹೇಳಬೇಡಿ, ಒಡೆದು ನೋಡುವುದನ್ನು ಕಲಿಸಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುವ ಸಂಖ್ಯಾಶಾಸ್ತ್ರದ ಅಂಕಣದ ಬಗ್ಗೆ ಈ ಪತ್ರ. ಮೊಬೈಲ್ ನಂಬರ್ ಆಯಿತು, ಗಾಡಿ ನಂಬರ್ ಆಯಿತು, ಈಗ ಪಿನ್ ಕೋಡ್‌ಗೂ ಬಂದಿದ್ದಾರೆ. ಪಿನ್ ಕೋಡ್‌ನ ಆರು ಅಂಕಿಗಳನ್ನು ಕೂಡಬೇಕಂತೆ. ಬಂದದ್ದನ್ನು ಮತ್ತೆ ಕೂಡಿ ಒಂದೇ ಅಂಕಿಗೆ ಇಳಿಸಬೇಕಂತೆ. ಆ ಅಂಕಿ ನೋಡಿ ಆ ವಿಳಾಸದಲ್ಲಿ ವ್ಯಾಪಾರ ಕೈಹಿಡಿಯುತ್ತದೋ ಇಲ್ಲವೋ ಹೇಳಬಹುದಂತೆ. ಕೋಲಾರದ 563101 ಕೂಡಿದರೆ 16, ಅದನ್ನು ಕೂಡಿದರೆ 7. ಏಳು ಕೇತುವಿನ ಅಂಕಿ, ಹೊಸ ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ಅಂಕಣದಲ್ಲಿ ಬರೆದಿದ್ದರು.

ನಾನು ಕೋಲಾರದಲ್ಲಿ ತಾಲೂಕು ಕಚೇರಿ ಹತ್ತಿರ ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಜೆರಾಕ್ಸ್‌ಗಿಂತ ಅರ್ಜಿ ತುಂಬುವ ಕೆಲಸವೇ ಜಾಸ್ತಿ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿಧವಾ ಪಿಂಚಣಿ, ಮಕ್ಕಳ ವಿದ್ಯಾರ್ಥಿವೇತನ, ಅಂಗಡಿ ಲೈಸೆನ್ಸ್. ಯಾವ ಅರ್ಜಿ ತೆಗೆದರೂ ವಿಳಾಸದ ಕೊನೆಗೆ ಆರು ಖಾನೆ ಇರುತ್ತವೆ. ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ರಾತ್ರಿವರೆಗೂ ಆ ಖಾನೆಗಳಲ್ಲಿ 5, 6, 3, 1, 0, 1 ಎಂದು ಬರೆಯುವುದೇ ನನ್ನ ಬದುಕು. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ್ದೇನೆ. ಹಾಗಾಗಿ ಈ ಸಂಖ್ಯೆಯನ್ನು ಸುಮ್ನೆ ಬರೆದು ಬಿಡಲು ನನ್ನಿಂದ ಆಗುವುದಿಲ್ಲ.

ಅಂಕಣ ಬಂದ ವಾರವೇ ಒಬ್ಬರು ಟೊಮೆಟೊ ವ್ಯಾಪಾರಿ ಹೊಸ ಮಳಿಗೆಯ ಲೈಸೆನ್ಸ್ ಅರ್ಜಿ ತುಂಬಿಸಲು ಬಂದರು. ಜೊತೆಗೆ ಒಂಬತ್ತನೇ ಕ್ಲಾಸಿನ ಮಗಳು. ಅಂಗಿ ಜೇಬಿನಲ್ಲಿ ನಿಮ್ಮ ಪತ್ರಿಕೆಯ ಕಟಿಂಗ್ ಮಡಚಿಟ್ಟಿದ್ದರು. ಮಳಿಗೆ ಇರುವುದು ಕೋಲಾರದಲ್ಲಿ. ಅವರು ಕೇಳಿದ್ದು ಬೇರೆ. "ಮುಳಬಾಗಿಲಿನಲ್ಲಿ ನಮ್ಮ ಅಣ್ಣನ ಮನೆ ಇದೆ, ಆ ವಿಳಾಸ ಹಾಕಿಬಿಡಿ. ಅದರ ಪಿನ್ ಕೋಡ್ ಕೂಡಿದರೆ ಒಂದು ಬರುತ್ತೆ, ಸೂರ್ಯನ ಅಂಕಿ" ಅಂದರು. ಮುಳಬಾಗಿಲಿನದು 563131. ಕೂಡಿದರೆ 19, ಆಮೇಲೆ 10, ಆಮೇಲೆ 1. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮಳಿಗೆ ಒಂದು ಕಡೆ, ವಿಳಾಸ ಇನ್ನೊಂದು ಕಡೆ ಇದ್ದರೆ ಅರ್ಜಿ ವಾಪಸ್ ಬರುತ್ತದೆ, ಕಟ್ಟಿದ ಶುಲ್ಕ ಹೋಗುತ್ತದೆ. ತುಂಬಾ ಹೊತ್ತು ಹೇಳಿದ ಮೇಲೆ ಕೋಲಾರದ ವಿಳಾಸವನ್ನೇ ಬರೆಸಿದರು. ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ಸಾಲ ಮಾಡಿ ಮಳಿಗೆ ಹಿಡಿದ ಮನುಷ್ಯನಿಗೆ ಮೊದಲ ದಿನವೇ ಆ ಅಳುಕು ಬೇಕಿತ್ತಾ?

ಮಗಳು ಮಾತ್ರ ಕೇಳಿದಳು, "ಆಂಟಿ, ಕೂಡಿದ್ರೆ ಏಳು ಬರುತ್ತೆ ಅಂದ್ರೆ ಏನು ಅರ್ಥ?"

ಒಳ್ಳೆ ಪ್ರಶ್ನೆ. ಅದಕ್ಕೆ ನಿಜವಾದ ಉತ್ತರ ಇದೆ. ಹಾಳಾದ ಜೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅದನ್ನೇ ನಿಮ್ಮ ಓದುಗರಿಗೂ ಹೇಳಬೇಕು ಎಂದು ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

10 ಅನ್ನು 9ರಿಂದ ಭಾಗಿಸಿದರೆ 1 ಉಳಿಯುತ್ತದೆ. 100 ಭಾಗಿಸಿದರೂ 1, ಸಾವಿರಕ್ಕೂ 1, ಲಕ್ಷಕ್ಕೂ 1. ಅಂದರೆ 5 ಲಕ್ಷವನ್ನು 9ರಿಂದ ಭಾಗಿಸಿದರೆ ಉಳಿಯುವುದು 5. 60 ಸಾವಿರದಿಂದ ಉಳಿಯುವುದು 6. 3 ಸಾವಿರದಿಂದ 3. ಹೀಗೆ ಪ್ರತಿ ಅಂಕಿಯೂ ತಾನೇ ಶೇಷವಾಗಿ ಉಳಿಯುತ್ತದೆ. ಅವನ್ನೆಲ್ಲ ಕೂಡಿ, ಮತ್ತೆ ಕೂಡಿ ಇಳಿಸಿದರೆ ಸಿಗುವುದು ಇಡೀ ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಬರುವ ಶೇಷ. 9 × 62566 = 563094. ಅದಕ್ಕೆ 7 ಸೇರಿಸಿದರೆ 563101. ಏಳು ಅಂದರೆ ಇಷ್ಟೇ. ಕೇತು ಎಲ್ಲೂ ಇಲ್ಲ.

ತುಮಕೂರಿನ ಪಿನ್ ಕೋಡ್ 572101. ಅದನ್ನೂ ಕೂಡಿ ನೋಡಿ. 16 ಬರುತ್ತದೆ, ಆಮೇಲೆ 7. ಅಂಕಣದ ಪ್ರಕಾರ ಕೋಲಾರಕ್ಕೂ ತುಮಕೂರಿಗೂ ಒಂದೇ ಭವಿಷ್ಯ. ಪ್ರತಿ ಒಂಬತ್ತು ಸಂಖ್ಯೆಗಳಲ್ಲಿ ಒಂದಕ್ಕೆ ಇದೇ ಏಳು ಬರುತ್ತದೆ. ಟೊಮೆಟೊ ಬಾಕ್ಸ್ ತೂಕ ನೋಡಿ ಒಳಗಿನ ಹಣ್ಣಿನ ತಳಿ ಹೇಳಿದ ಹಾಗೆ ಇದು.

ಇನ್ನೂ ಒಂದು ವಿಷಯ ಇದೆ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಅಂಕಿಗಳ ಮೊತ್ತ ಸಂಖ್ಯೆಯ ಗುಣ ಅಲ್ಲ, ನಾವು ಅದನ್ನು ಬರೆಯುವ ರೀತಿಯ ಗುಣ. ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ. ನನ್ನ ಅಂಗಡಿಯ ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಬರೆಯುತ್ತದೆ. ಅದರಲ್ಲಿ 563101 ಅಂದರೆ 10001001011110011101. ಕೂಡಿ ನೋಡಿ, 11 ಬರುತ್ತದೆ, ಆಮೇಲೆ 2. ಬರೆಯುವ ಕ್ರಮ ಬದಲಾದ ತಕ್ಷಣ ಭವಿಷ್ಯವೂ ಬದಲಾಗುವುದಾದರೆ ಆ ಭವಿಷ್ಯ ಯಾರದು? ಹೇಗೆ ಬರೆದರೂ ಬದಲಾಗದ ಗುಣಗಳು ಸಂಖ್ಯೆಗೆ ಇವೆ. ಅವುಗಳಲ್ಲಿ ಮೊದಲನೆಯದು ಅದರ ಅಪವರ್ತನಗಳು. ಯಾವ ಯಾವ ಅವಿಭಾಜ್ಯ ಸಂಖ್ಯೆಗಳನ್ನು, ಅಂದರೆ ಇನ್ನು ಒಡೆಯಲಾಗದ ಸಂಖ್ಯೆಗಳನ್ನು, ಗುಣಿಸಿದರೆ ಈ ಸಂಖ್ಯೆ ಸಿಗುತ್ತದೆ ಎನ್ನುವುದು. ಪ್ರತಿ ಸಂಖ್ಯೆಗೂ ಆ ಗುಂಪು ಒಂದೇ ಒಂದು, ಎರಡನೆಯದು ಇರಲು ಸಾಧ್ಯವೇ ಇಲ್ಲ.

ನಮ್ಮ 563101 ಒಡೆಯುವುದು ಹೇಗೆ? ಅರ್ಜಿ ಫಾರಂನಲ್ಲಿ ಪಿನ್ ಕೋಡ್ ಅನ್ನು ಮೂರು ಅಂಕಿ, ಸ್ವಲ್ಪ ಜಾಗ, ಮತ್ತೆ ಮೂರು ಅಂಕಿ ಎಂದು ಬರೆಯುವ ರೂಢಿ ಇದೆ. 563 101. ಆ ಜಾಗದಲ್ಲೇ ಕೀಲಿಕೈ ಇದೆ. 1001 = 7 × 11 × 13. ಸಾವಿರ ಅಂದರೆ ಅದಕ್ಕಿಂತ ಒಂದು ಕಡಿಮೆ. ಹಾಗಾಗಿ ಎಡಗಡೆಯ ಮೂರಂಕಿಯಿಂದ ಬಲಗಡೆಯ ಮೂರಂಕಿ ಕಳೆದು, ಉಳಿದದ್ದನ್ನು 7, 11, 13ರಿಂದ ಭಾಗಿಸಿ ನೋಡಿದರೆ ಸಾಕು. 563ರಲ್ಲಿ 101 ಕಳೆದರೆ 462. ಅದು 7 × 66, ಹಾಗೆಯೇ 11 × 42. 13ಕ್ಕೆ ಹೋಗುವುದಿಲ್ಲ. ಅಂದರೆ ಕೋಲಾರದ ಪಿನ್ ಕೋಡ್ 7ರಿಂದಲೂ 11ರಿಂದಲೂ ಭಾಗವಾಗುತ್ತದೆ. ಹುಡುಗಿ ಕ್ಯಾಲ್ಕುಲೇಟರ್ ಒತ್ತಿ ನೋಡಿದಳು. 77 × 7313 = 563101. ಸರಿ ಬಂತು.

ಆದರೆ ನನಗೆ ಇದಕ್ಕಿಂತ ಹೆಚ್ಚು ಇಷ್ಟವಾದ ದಾರಿ ಬೇರೆ. ಅದನ್ನು ಅವಳ ಪಠ್ಯಪುಸ್ತಕದಲ್ಲಿರುವ ಒಂದು ನಿತ್ಯಸಮೀಕರಣದಿಂದಲೇ ತೋರಿಸಿದೆ. ಎ ವರ್ಗದಲ್ಲಿ ಬಿ ವರ್ಗ ಕಳೆದರೆ, ಎ ಪ್ಲಸ್ ಬಿ ಇಂಟು ಎ ಮೈನಸ್ ಬಿ. ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ, ಅಲ್ವಾ? ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ, ಆಮೇಲೆ ಮರೆತು ಹೋಗುತ್ತದೆ.

563101ರ ವರ್ಗಮೂಲ 750ಕ್ಕಿಂತ ಸ್ವಲ್ಪ ಜಾಸ್ತಿ. ಅದರ ಮುಂದಿನ ಪೂರ್ಣ ಸಂಖ್ಯೆ 751 ತಗೊಳ್ಳಿ. 751ರ ವರ್ಗ 564001. ಅದರಲ್ಲಿ ನಮ್ಮ ಪಿನ್ ಕೋಡ್ ಕಳೆಯಿರಿ. 564001 − 563101 = 900. 900 ಅಂದರೆ 30ರ ವರ್ಗ!

ಅಷ್ಟೇ. ಮುಗಿಯಿತು. 563101 ಅಂದರೆ 751ರ ವರ್ಗದಲ್ಲಿ 30ರ ವರ್ಗ ಕಳೆದದ್ದು. ಹಾಗಾದರೆ ಅದು 751 − 30 ಇಂಟು 751 + 30. ಅಂದರೆ 721 × 781. 721 ಅಂದರೆ 7 × 103. 781 ಅಂದರೆ 11 × 71. ಒಟ್ಟಿಗೆ ಬರೆದರೆ 563101 = 7 × 11 × 71 × 103. ನಾಲ್ಕು ಬೇರೆ ಬೇರೆ ಅವಿಭಾಜ್ಯಗಳು, ಒಂದೊಂದೂ ಒಂದೊಂದೇ ಸಲ. ಆ ನಾಲ್ಕನ್ನು ಬೇಕಾದ ಹಾಗೆ ಜೋಡಿಸಿದರೆ ಒಟ್ಟು 16 ಭಾಜಕಗಳು ಸಿಗುತ್ತವೆ.

ಹುಡುಗಿ 751ರ ವರ್ಗವನ್ನು ಕ್ಯಾಲ್ಕುಲೇಟರ್ ಬಿಟ್ಟು ಕೈಯಲ್ಲೇ ಗುಣಿಸಿ ನೋಡಿದಳು. 900 ಬಂದಾಗ ಅವಳ ಕಣ್ಣು ಅರಳಿದ್ದನ್ನು ನಾನು ಮರೆಯುವುದಿಲ್ಲ. ಅವರಪ್ಪ ಕೂಡ ಹಾಳೆ ತೆಗೆದುಕೊಂಡು ನೋಡಿದರು. ಮಂಡಿ ವ್ಯಾಪಾರದವರು, ಬಾಯಿಲೆಕ್ಕ ಅವರಿಗೆ ನೀರು ಕುಡಿದಷ್ಟು ಸಲೀಸು. "751ಕ್ಕೇ ಸಿಕ್ತಲ್ಲಮ್ಮ" ಅಂದರು.

ಅವರು ಅಂದದ್ದೇ ಇದರ ವಿಶೇಷ. ಈ ವಿಧಾನ ಫ್ರಾನ್ಸಿನ ಫೆರ್ಮಾನದು. ಟೂಲೂಸ್ ನಗರದ ನ್ಯಾಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಮನುಷ್ಯ, ಗಣಿತ ಅವನ ಹೊಟ್ಟೆಪಾಡಲ್ಲ, ಹುಚ್ಚು. 1643ರಲ್ಲಿ ಒಂದು ಪತ್ರದಲ್ಲಿ 2027651281 ಎಂಬ ಸಂಖ್ಯೆಯನ್ನು ಹೀಗೇ ಒಡೆದು ತೋರಿಸಿದ. ವರ್ಗಮೂಲ 45029ಕ್ಕಿಂತ ಸ್ವಲ್ಪ ಜಾಸ್ತಿ. 45030ರಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಹತ್ತಿ, ಹನ್ನೆರಡನೆಯ ಸಲಕ್ಕೆ, 45041ರಲ್ಲಿ ಸಿಕ್ಕಿತು. ಉತ್ತರ 44021 × 46061. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಹತ್ತಂಕಿಯ ಸಂಖ್ಯೆ! ಅವನಿಗೆ ಹನ್ನೆರಡು ಮೆಟ್ಟಿಲು ಬೇಕಾಯಿತು. ಕೋಲಾರದ ಪಿನ್ ಕೋಡ್‌ಗೆ ಒಂದೇ ಮೆಟ್ಟಿಲು.

ಎಲ್ಲ ಊರಿಗೂ ಹೀಗೆ ಆಗುವುದಿಲ್ಲ. ತುಮಕೂರಿನ 572101 ನೋಡಿ. 757ರಿಂದ ಶುರು ಮಾಡಬೇಕು. 757ರ ವರ್ಗದಲ್ಲಿ ಕಳೆದರೆ 948, ಅದು ಪೂರ್ಣ ವರ್ಗ ಅಲ್ಲ. ಹೀಗೇ ಹತ್ತುತ್ತಾ ಹೋದರೆ 95ನೇ ಸಲಕ್ಕೆ, 851ರಲ್ಲಿ ಸಿಗುತ್ತದೆ. 851ರ ವರ್ಗದಲ್ಲಿ 390ರ ವರ್ಗ ಕಳೆದರೆ 572101. ಅಂದರೆ 461 × 1241. ಆ 1241 ಮತ್ತೆ 17 × 73. ಪೂರ್ತಿ ಬರೆದರೆ 17 × 73 × 461. ಕೋಲಾರದ ಜೊತೆ ಒಂದು ಅಪವರ್ತನವೂ ಹಂಚಿಕೊಂಡಿಲ್ಲ. ಅಂಕಣದ ಕಣ್ಣಿಗೆ ಎರಡೂ ಒಂದೇ ಏಳು. ಒಳಗಡೆ ನೋಡಿದರೆ ಸಂಬಂಧವೇ ಇಲ್ಲದ ಎರಡು ಸಂಖ್ಯೆಗಳು.

ತುಮಕೂರಿನವರು ಆ 73 ಬಗ್ಗೆ ಹೆಮ್ಮೆಪಡಬಹುದು. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ನಮ್ಮ ನಾಡಿನ ಮಹಾವೀರಾಚಾರ್ಯ, ಗುಣಾಕಾರ ಕಲಿಸುವಾಗ ಬರಿಯ ಒಣ ಲೆಕ್ಕ ಕೊಡಲಿಲ್ಲ. ಉತ್ತರ ಕೊರಳ ಹಾರದ ಹಾಗೆ ಬರುವಂಥ ಲೆಕ್ಕ ಕೊಟ್ಟ. 152207 ಅನ್ನು 73ರಿಂದ ಗುಣಿಸು ಎಂದ. ಗುಣಿಸಿ ನೋಡಿ, 11111111. ಎಂಟು ಒಂದುಗಳು. ಇನ್ನೊಂದು, 333333666667 ಅನ್ನು 33ರಿಂದ ಗುಣಿಸಿದರೆ 11000011000011. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ದೊಡ್ಡ ಸಂಖ್ಯೆಯ ಚೆಂದವನ್ನು ಮಕ್ಕಳಿಗೆ ಹೀಗೆ ತೋರಿಸುವ ಪದ್ಧತಿ ಈ ಮಣ್ಣಿನಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಇತ್ತು. ಸಂಖ್ಯೆಗಳನ್ನು ಪ್ರೀತಿಸುವುದು ಹೊರಗಿನಿಂದ ಬಂದ ಫ್ಯಾಷನ್ ಅಲ್ಲ.

ಚಿಕ್ಕಬಳ್ಳಾಪುರದ್ದು 562101. ಇದರ ಕಥೆ ಕೇಳಿದರೆ ಅಯ್ಯೋ ಅನ್ನಿಸುತ್ತದೆ. 750ರ ವರ್ಗ 562500. ಕಳೆದರೆ 399. ಒಂದೇ ಒಂದು ಜಾಸ್ತಿ ಇದ್ದಿದ್ದರೆ 400, 20ರ ವರ್ಗ! ಅಂದರೆ ಅವರ ಪಿನ್ ಕೋಡ್ 562100 ಆಗಿದ್ದರೆ 730 × 770 ಎಂದು ಮೊದಲ ಮೆಟ್ಟಿಲಲ್ಲೇ ಒಡೆಯುತ್ತಿತ್ತು. ಕೂದಲೆಳೆಯಲ್ಲಿ ತಪ್ಪಿತು. ತಪ್ಪಿದ ಮೇಲೆ ಫೆರ್ಮಾನ ದಾರಿಯಲ್ಲಿ ಹೊರಟರೆ 92936 ಮೆಟ್ಟಿಲು ಹತ್ತಬೇಕು. ಯಾಕೆಂದರೆ ಅದು 3 × 187367, ಮತ್ತು ಆ 187367 ಅವಿಭಾಜ್ಯ. ಒಂದು ಅಪವರ್ತನ ತೀರಾ ಸಣ್ಣದು, ಇನ್ನೊಂದು ತೀರಾ ದೊಡ್ಡದು. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಫೆರ್ಮಾನ ದಾರಿ ಬೇಗ ಮುಗಿಯುತ್ತದೆ. ಇಲ್ಲಿ ಅಂಕಿ ಕೂಡುವುದೇ ಸುಲಭ. 5+6+2+1+0+1 = 15, ಅದು 3ರಿಂದ ಭಾಗವಾಗುತ್ತದೆ, ಹಾಗಾಗಿ ಸಂಖ್ಯೆಯೂ ಭಾಗವಾಗುತ್ತದೆ. ನೋಡಿ, ಅಂಕಿ ಕೂಡುವುದನ್ನು ನಾನು ಬೈಯುತ್ತಿಲ್ಲ. ಅದು ಒಳ್ಳೆಯ ಉಪಕರಣ. ಅದಕ್ಕೆ ಗೊತ್ತಿಲ್ಲದ ಕೆಲಸ ಹಚ್ಚಬೇಡಿ ಎನ್ನುತ್ತೇನೆ ಅಷ್ಟೇ.

ಚಿಂತಾಮಣಿಯವರು ಬೇಜಾರು ಮಾಡಿಕೊಳ್ಳಬಾರದು, ಅವರದ್ದೂ ಹೇಳುತ್ತೇನೆ. 2007ರಲ್ಲಿ ಹೊಸ ಜಿಲ್ಲೆ ಆದಾಗ ಚಿಂತಾಮಣಿ ಚಿಕ್ಕಬಳ್ಳಾಪುರಕ್ಕೆ ಹೋಯಿತು. ಪಿನ್ ಕೋಡ್ ಮಾತ್ರ ಈಗಲೂ ನಮ್ಮ 563ರಲ್ಲೇ ಇದೆ, 563125. ಈ ಸಂಖ್ಯೆ 750ರ ವರ್ಗ ಮತ್ತು 25ರ ವರ್ಗ ಕೂಡಿದಾಗ ಬರುತ್ತದೆ. 562500 + 625. ಮನಸ್ಸಿನಲ್ಲೇ ಕೂಡಬಹುದು. ಬೇಕಾದರೆ 650ರ ವರ್ಗ ಮತ್ತು 375ರ ವರ್ಗ ಕೂಡಿ, ಅದೂ 563125. ಹೀಗೆ ಎರಡು ವರ್ಗಗಳ ಮೊತ್ತವಾಗಿ ಬರೆಯಲು ಒಟ್ಟು 10 ದಾರಿಗಳಿವೆ. ಅದನ್ನು ಒಡೆದರೆ ನಾಲ್ಕು 5ಗಳು, ಒಂದು 17, ಒಂದು 53. ಈ ಮೂರೂ ಅವಿಭಾಜ್ಯಗಳು ನಾಲ್ಕರಿಂದ ಭಾಗಿಸಿದಾಗ 1 ಉಳಿಸುತ್ತವೆ. ಅಂಥವು ಎರಡು ವರ್ಗಗಳ ಮೊತ್ತವಾಗಲು ಒಪ್ಪುತ್ತವೆ.

ಕೋಲಾರದ್ದು? 7, 11, 71, 103. ನಾಲ್ಕರಿಂದ ಭಾಗಿಸಿ ನೋಡಿ. ನಾಲ್ಕಕ್ಕೆ ನಾಲ್ಕೂ 3 ಉಳಿಸುತ್ತವೆ. ಅಂಥ ಒಂದು ಅವಿಭಾಜ್ಯ ಬೆಸ ಸಲ ಬಂದರೂ ಸಾಕು, ಆ ಸಂಖ್ಯೆಯನ್ನು ಎರಡು ಪೂರ್ಣ ವರ್ಗಗಳ ಮೊತ್ತವಾಗಿ ಬರೆಯಲು ಆಗುವುದೇ ಇಲ್ಲ. ಇದರ ಮೂಲ ಮಾತನ್ನು ಹೇಳಿದವನೂ ಅದೇ ಫೆರ್ಮಾ, ಸಾಧಿಸಿ ತೋರಿಸಿದವನು ಗಣಿತಜ್ಞ ಆಯ್ಲರ್, ನೂರು ವರ್ಷ ಕಳೆದ ಮೇಲೆ. ಹಾಗಾಗಿ ಕೋಲಾರದ ಪಿನ್ ಕೋಡ್ ಎರಡು ವರ್ಗಗಳ ವ್ಯತ್ಯಾಸವಾಗಿ ಅಷ್ಟು ಸಲೀಸಾಗಿ ಬರುತ್ತದೆ, ಮೊತ್ತವಾಗಿ ಮಾತ್ರ ಎಂದೆಂದಿಗೂ ಬರುವುದಿಲ್ಲ. ಎಷ್ಟು ಕಂಪ್ಯೂಟರ್ ಹಚ್ಚಿದರೂ ಬರುವುದಿಲ್ಲ. ಒಂದು ಸಂಖ್ಯೆಯ ಬಗ್ಗೆ ಇಷ್ಟು ಗಟ್ಟಿಯಾಗಿ, ಇಷ್ಟು ಶಾಶ್ವತವಾಗಿ ಒಂದು ಮಾತು ಹೇಳಬಹುದು ಎನ್ನುವುದೇ ನನಗೆ ಆಶ್ಚರ್ಯ. ಅಂಗಡಿಯಲ್ಲಿ ಆ ಆರು ಖಾನೆ ತುಂಬುವಾಗ ಎಷ್ಟೋ ಸಲ ಇದು ನೆನಪಾಗುತ್ತದೆ.

ಈಗ ಆ ವ್ಯಾಪಾರಿ ಕೇಳಿದ ಮುಳಬಾಗಿಲಿಗೆ ಬರುತ್ತೇನೆ. ಅದರ ಪಕ್ಕದ ಸಂಖ್ಯೆ 563130, ಮಾಲೂರಿನದು. ಮಾಲೂರನ್ನು ಯಾರು ಕೇಳಿದರೂ ಹಂಚಿಕೊಡಬಹುದು. 2ಕ್ಕೆ ಹೋಗುತ್ತದೆ, 3ಕ್ಕೆ, 5ಕ್ಕೆ, 9ಕ್ಕೆ, 10ಕ್ಕೆ, 90ಕ್ಕೂ ಹೋಗುತ್ತದೆ. 90 × 6257. ಒಟ್ಟು 24 ಭಾಜಕಗಳು. ಒಂದೇ ಒಂದು ಹೆಜ್ಜೆ ಮುಂದೆ ಇಟ್ಟರೆ ಮುಳಬಾಗಿಲಿನ 563131. ಅದನ್ನು 2ರಿಂದ ಹಿಡಿದು 743ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಒಟ್ಟು 132 ಇವೆ. ವರ್ಗಮೂಲ ದಾಟಿದ ಮೇಲೆ ನೋಡುವ ಅಗತ್ಯ ಇಲ್ಲ. ಒಂದರಲ್ಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಅದು ಅವಿಭಾಜ್ಯ. ತನ್ನಿಂದ ಮತ್ತು ಒಂದರಿಂದ ಬಿಟ್ಟು ಯಾವುದರಿಂದಲೂ ಒಡೆಯದ ಸಂಖ್ಯೆ.

ಅಂದರೆ ಆ ಅಣ್ಣನ ಮನೆಯ ಪಿನ್ ಕೋಡ್ ನಿಜಕ್ಕೂ ವಿಶೇಷವೇ. ಆದರೆ ಆ ವಿಶೇಷ ಕೂಡಿದಾಗ ಬಂದ ಒಂದರಲ್ಲಿ ಇರಲಿಲ್ಲ. ಕೂಡಿ ಕುಳಿತವರಿಗೆ ಅದು ಕಾಣಲೇ ಇಲ್ಲ.

ಇದರಿಂದ ಏನು ಉಪಯೋಗ ಎಂದು ನಿಮ್ಮ ಓದುಗರು ಕೇಳಬಹುದು. ಉಪಯೋಗ ಇಲ್ಲದಿದ್ದರೂ ನಾನು ಮಾಡುತ್ತಿದ್ದೆ, ಅದು ಬೇರೆ ಮಾತು. ಆದರೆ ಇದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಗುಟ್ಟು ಕಾಪಾಡುವ ಒಂದು ವಿಧಾನ ಕಂಡುಹಿಡಿದರು. ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸಿ, ಗುಣಲಬ್ಧವನ್ನು ಊರಿಗೆಲ್ಲ ಹೇಳಿಬಿಡುವುದು. ಗುಣಿಸುವುದು ಕ್ಷಣದ ಕೆಲಸ, ಒಡೆಯುವುದು ಅಸಾಧ್ಯಕ್ಕೆ ಹತ್ತಿರ. ಗುಟ್ಟು ಉಳಿಯುವುದು ಆ ಕಷ್ಟದಲ್ಲೇ. ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಮೂಲೆಯಲ್ಲಿ ಕಾಣುವ ಬೀಗದ ಗುರುತಿನ ಹಿಂದೆ, ಟೆಂಡರ್ ಹಾಕಲು ನನ್ನ ಅಂಗಡಿಗೆ ಬರುವವರ ಡಿಜಿಟಲ್ ಸಿಗ್ನೇಚರ್ ಟೋಕನ್ ಒಳಗೆ ಹೆಚ್ಚಾಗಿ ಇರುವುದು ಇಂಥ ಸಂಖ್ಯೆಗಳೇ. ಈಗ ಸಾಮಾನ್ಯವಾಗಿ ಬಳಸುವ ಅಳತೆ 2048 ಬಿಟ್, ಅಂದರೆ ನಮ್ಮ ಲೆಕ್ಕದಲ್ಲಿ 617 ಅಂಕಿ. 2020ರಲ್ಲಿ 250 ಅಂಕಿಯ ಅಂಥ ಒಂದು ಸಂಖ್ಯೆಯನ್ನು ಒಡೆದರು. ಆ ಕೆಲಸವನ್ನು ಕಂಪ್ಯೂಟರಿನ ಒಂದೇ ಕೋರ್‌ಗೆ ಒಪ್ಪಿಸಿದ್ದರೆ ಸುಮಾರು 2700 ವರ್ಷ ಹಿಡಿಯುತ್ತಿತ್ತು.

ಫೆರ್ಮಾನ ಹಳೆಯ ದಾರಿ ಅಲ್ಲೂ ಕೆಲಸಕ್ಕೆ ಬರುತ್ತದೆ. ಆ ಎರಡು ಅವಿಭಾಜ್ಯಗಳನ್ನು ಅಜಾಗರೂಕತೆಯಿಂದ ತೀರಾ ಹತ್ತಿರ ಹತ್ತಿರ ಆರಿಸಿದರೆ ಏನಾಗುತ್ತದೆ? ನಮ್ಮ 721 ಮತ್ತು 781ರ ಹಾಗೆ ಮೊದಲ ಮೆಟ್ಟಿಲುಗಳಲ್ಲೇ ಸಿಕ್ಕಿಬೀಳುತ್ತವೆ, ಅಂಕಿ ಎಷ್ಟೇ ಇರಲಿ. 2022ರಲ್ಲಿ ಹೀಗೇ ಆಯಿತು. ಕೆಲವು ಪ್ರಿಂಟರ್‌ಗಳು ತಾವೇ ತಯಾರಿಸಿಕೊಂಡಿದ್ದ ರಹಸ್ಯ ಕೀಗಳು ಈ 1643ರ ವಿಧಾನಕ್ಕೇ ಮುರಿದುಬಿದ್ದವು ಎಂದು ಭದ್ರತೆ ಪರೀಕ್ಷಿಸುವವರು ತೋರಿಸಿದರು. ಒಂಬತ್ತನೇ ಕ್ಲಾಸಿನ ನಿತ್ಯಸಮೀಕರಣ, ನೋಡಿ.

ಇನ್ನು ಸಂಖ್ಯೆ ದೊಡ್ಡದಾದರೂ ಅದು ಅವಿಭಾಜ್ಯವೋ ಅಲ್ಲವೋ ಎಂದು ಹೇಳುವುದು ಒಡೆಯುವಷ್ಟು ಕಷ್ಟ ಅಲ್ಲ. ಅದಕ್ಕೆ ಖಚಿತವಾದ, ವೇಗದ ವಿಧಾನ ಇದೆ ಎಂದು 2002ರಲ್ಲಿ ಸಾಧಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕಯಾಲ್ ಮತ್ತು ಸಕ್ಸೇನಾ ಆಗಿನ್ನೂ ವಿದ್ಯಾರ್ಥಿಗಳು. ನಮ್ಮ ಹಳ್ಳಿ ಶಾಲೆಗಳ ಗೋಡೆ ಮೇಲೆ ಇವರ ಹೆಸರು ಯಾಕೆ ಇಲ್ಲವೋ ನನಗೆ ಗೊತ್ತಿಲ್ಲ.

ಅಂಕಿಗಳು ಅದಲುಬದಲಾದ ತಪ್ಪನ್ನು ಅಂಕಿಗಳ ಮೊತ್ತ ಹಿಡಿಯುವುದಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ, ಇದು ನನ್ನ ದಿನದ ಕೆಲಸಕ್ಕೆ ಸೇರಿದ ವಿಷಯ. ಅವಸರದಲ್ಲಿ 563101 ಬದಲು 561301 ಎಂದು ಬರೆದರೆ ಮೊತ್ತ ಅದೇ 16. ಅಂಕಣದ ಪ್ರಕಾರ ಭವಿಷ್ಯ ಬದಲಾಗಲಿಲ್ಲ. ಆದರೆ ಬರಬೇಕಾದ ಲಕೋಟೆ ದಾರಿ ತಪ್ಪುತ್ತದೆ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ಇಂಥ ತಪ್ಪು ಹಿಡಿಯಲೆಂದೇ ಇರುವ ಕಾವಲು ಅಂಕಿ. ನೆದರ್‌ಲ್ಯಾಂಡ್ಸ್‌ನ ವೆರ್‌ಹೂಫ್ ಎಂಬವರು 1969ರಲ್ಲಿ ಕೊಟ್ಟ ಸೂತ್ರ. ಒಂದು ಅಂಕಿ ತಪ್ಪಾದರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಹಿಡಿಯುತ್ತದೆ. ಸುಮ್ನೆ ಕೂಡುವುದರಿಂದ ಇದು ಸಾಧ್ಯವಿಲ್ಲ ಎಂದು ಗೊತ್ತಿದ್ದೇ ಅಂಥ ಸೂತ್ರ ಹುಡುಕಬೇಕಾಯಿತು. ಪಿನ್ ಕೋಡ್‌ಗೆ ಆ ಕಾವಲು ಇಲ್ಲ. ಅದಕ್ಕೇ ನಾನು ಬರೆದ ಮೇಲೆ ಇನ್ನೊಂದು ಸಲ ಓದುತ್ತೇನೆ.

ಪಿನ್ ಕೋಡ್ ಯಾರ ಜಾತಕ ನೋಡಿಯೂ ಕೊಟ್ಟದ್ದಲ್ಲ. 1972ರ ಆಗಸ್ಟ್ 15ರಂದು ಬಂದ ಪದ್ಧತಿ. ಕೇಂದ್ರ ಸಂಪರ್ಕ ಸಚಿವಾಲಯದಲ್ಲಿದ್ದ ಶ್ರೀರಾಮ ಭಿಕಾಜಿ ವೆಲಣಕರ್ ಅದನ್ನು ರೂಪಿಸಿದರು. ಒಂದೇ ಹೆಸರಿನ ಊರುಗಳು ಎಷ್ಟೋ, ವಿಳಾಸ ಬರೆಯುವ ಲಿಪಿಗಳು ಎಷ್ಟೋ. ಕಾಗದ ವಿಂಗಡಿಸುವವರಿಗೆ ದಾರಿ ಸುಲಭವಾಗಲಿ ಎಂದು ಮಾಡಿದ್ದು. ಮೊದಲಿನ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ಸೇರಿ ವಿಂಗಡಣೆಯ ಜಿಲ್ಲೆ. ಕೊನೆಯ ಮೂರು ಅಂಚೆ ಕಚೇರಿ. 751ರ ವರ್ಗಕ್ಕೆ 900 ಕಡಿಮೆ ಇರಲಿ ಎಂದು ಅವರು ಯೋಚಿಸಿ ಕೊಟ್ಟಿರಲಾರರು. ಅದು ಆ ಸಂಖ್ಯೆಯಲ್ಲಿ ಮೊದಲೇ ಇತ್ತು.

ಸಂಪಾದಕರೇ, ಅಂಕಣ ನಿಲ್ಲಿಸಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ನಾಲ್ಕು ಕಾಲಂ ಜಾಗದಲ್ಲಿ ಊರೂರಿನ ಅಂಕಿ ಕೂಡಿ ಜನರಿಗೆ ಅಳುಕು ಹುಟ್ಟಿಸುವ ಬರಹ ಹಾಕುವ ಪತ್ರಿಕೆ, ಅದರ ಕೆಳಗೆ ಒಂದು ಅಂಗೈಯಷ್ಟು ಜಾಗ ಮಕ್ಕಳಿಗೆ ಕೊಡಬಹುದಲ್ವಾ? ವಾರಕ್ಕೊಂದು ಊರಿನ ಪಿನ್ ಕೋಡ್ ಹಾಕಿ. ಒಡೆದು ಕಳಿಸಿ ಎನ್ನಿ. ಎರಡು ವರ್ಗಗಳ ವ್ಯತ್ಯಾಸ ಆಗುತ್ತದೆಯೇ, ಮೊತ್ತ ಆಗುತ್ತದೆಯೇ, ಅವಿಭಾಜ್ಯವೇ ಎಂದು ಕೇಳಿ. ಮುಂದಿನ ವಾರ ಉತ್ತರ ಹಾಕಿ, ಸರಿ ಮಾಡಿದ ಮಕ್ಕಳ ಊರಿನ ಹೆಸರು ಹಾಕಿ. ಬಹುಮಾನ ಏನೂ ಬೇಡ. ಊರಿನ ಹೆಸರು ಪತ್ರಿಕೆಯಲ್ಲಿ ಬಂದರೆ ನಮ್ಮ ಕಡೆ ಮಕ್ಕಳು ಅದನ್ನು ಕತ್ತರಿಸಿ ಶಾಲೆಗೆ ಒಯ್ಯುತ್ತಾರೆ. ಲೆಕ್ಕ ಸರಿ ಇದೆಯೇ ನೋಡಲು ನಿಮ್ಮಲ್ಲಿ ಯಾರೂ ಇಲ್ಲದಿದ್ದರೆ ನಾನು ನೋಡಿಕೊಡುತ್ತೇನೆ, ದುಡ್ಡು ಬೇಡ.

ಮೊದಲ ವಾರಕ್ಕೆ ಬಂಗಾರಪೇಟೆಯ 563114 ಹಾಕಬಹುದು. ಕೊನೆಯ ಅಂಕಿ 4, ಹಾಗಾಗಿ 2ರಿಂದ ಶುರು ಮಾಡಬಹುದು, ಚಿಕ್ಕ ಮಕ್ಕಳಿಗೂ ಹೆದರಿಕೆ ಆಗುವುದಿಲ್ಲ. ಎರಡನೇ ವಾರಕ್ಕೆ ಶ್ರೀನಿವಾಸಪುರದ 563135, ಅದು 5ರಿಂದ ಭಾಗವಾಗುತ್ತದೆ, ಅಲ್ಲಿಂದ ಮುಂದೆ ಕೈಕೆಸರು ಮಾಡಿಕೊಳ್ಳಬೇಕು. ಕೋಲಾರದ್ದು ಹಾಕಬೇಡಿ, ಉತ್ತರ ಈ ಪತ್ರದಲ್ಲೇ ಇದೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ,
ಕೋಲಾರ 563101